ಲ್ಯಾಟಿಮೋರ್ ಅವರನ್ನು ಒಂದು ಮೊಣಕಾಲಿಗೆ ಇಳಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಗಾಯದಿಂದಾಗಿ ಅರ್ಧಕ್ಕೇ ನಿಂತುಹೋದ ಪ್ರತಿಭೆಗಳ ಪಟ್ಟಿಗಳು ಕ್ರೀಡಾ ಪುಟಗಳಲ್ಲಿ ಆಗಾಗ ಬರುತ್ತಿರುತ್ತವೆ. ಅಮೆರಿಕದ ಕಾಲೇಜು ಫುಟ್‌ಬಾಲಿನ ಪ್ರಸ್ತಾಪ ಬಂದಾಗ ಅಂಥ ಪಟ್ಟಿಯಲ್ಲಿ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮಾರ್ಕಸ್ ಲ್ಯಾಟಿಮೋರ್ ಅವರ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೆಸರಿನ ಜೊತೆಗೆ 2012ರ ಅಕ್ಟೋಬರ್ 27ರಂದು ಅವರ ಬಲ ಮೊಣಕಾಲಿನ ಕೀಲು ತಪ್ಪಿದ ಕ್ಷಣದ ಚಿತ್ರ, ಅದರ ಕೆಳಗೆ ‘ಗಾಯವಾಗದೇ ಇದ್ದಿದ್ದರೆ’ ಎಂಬ ಧಾಟಿಯ ನಾಲ್ಕು ಸಾಲು, ಅಲ್ಲಿಗೆ ಮುಗಿಯಿತು. ಇತ್ತೀಚೆಗೆ ಅದೇ ಕ್ಷಣದ ತುಣುಕು ವಿಡಿಯೊ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತುತ್ತಿದೆ. ನೋಡಿದವರಲ್ಲಿ ಬಹುಪಾಲು ಮಂದಿಗೆ ಆ ಹುಡುಗ ಯಾರು, ಅದಕ್ಕೆ ಮೊದಲು ಏನು ಆಡಿದ್ದ ಎಂಬುದು ತಿಳಿದಿಲ್ಲ. ಹಲವು ವರ್ಷಗಳಿಂದ ಸೌತ್ ಕ್ಯಾರೊಲೈನಾದಲ್ಲಿ ನೆಲೆಸಿ ಆ ತಂಡದ ಆಟವನ್ನು ಹಿಂಬಾಲಿಸಿಕೊಂಡು ಬಂದಿರುವ ನನಗೆ ಈ ಬಗೆಯ ಅನುಕಂಪದ ಬಗ್ಗೆ ತಕರಾರಿದೆ. ಅದು ಲ್ಯಾಟಿಮೋರ್ ಅವರಿಗೆ ಆದದ್ದನ್ನು ಉಳಿಸಿಕೊಂಡು ಅವರು ಮಾಡಿದ್ದನ್ನೆಲ್ಲ ಕೈಬಿಡುತ್ತದೆ. ಗಾಯಕ್ಕೆ ಅವರನ್ನು ಒಡ್ಡಿದ ವ್ಯವಸ್ಥೆಯನ್ನಂತೂ ಮುಟ್ಟುವುದೇ ಇಲ್ಲ.

ಈ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಲ್ಯಾಟಿಮೋರ್ ಆಡುತ್ತಿದ್ದ ಜಾಗಕ್ಕೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ತಂಡದ ದಾಳಿಯನ್ನು ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಕೈಗಿಟ್ಟ ಚೆಂಡನ್ನು ಅಪ್ಪಿಹಿಡಿದು, ಎದುರಾಳಿಗಳ ಸಾಲಿನಲ್ಲಿ ಕಂಡ ಸಂದಿಯೊಳಗೆ ನುಗ್ಗಿ ಎಷ್ಟು ಗಜ ಸಾಧ್ಯವೋ ಅಷ್ಟು ಮುಂದೆ ಓಡುವುದು ಆತನ ಕೆಲಸ. ಕಬಡ್ಡಿ ಅಂಕಣದೊಳಗೆ ಹೋದ ರೈಡರ್ ಮೇಲೆ ಏಳು ಜನ ಒಟ್ಟಿಗೆ ಮುಗಿಬೀಳುವುದನ್ನು ನೆನೆಸಿಕೊಳ್ಳಿ. ಇಲ್ಲಿ ಬೀಳುವವರ ತೂಕ ಹೆಚ್ಚು, ಓಡಿಬರುವ ವೇಗವೂ ಹೆಚ್ಚು, ಮತ್ತು ಅದು ಒಂದೇ ಪಂದ್ಯದಲ್ಲಿ ಇಪ್ಪತ್ತು ಮೂವತ್ತು ಸಲ ನಡೆಯುತ್ತದೆ. ಪ್ರೌಢಶಾಲೆ ಮುಗಿದು ಮೂರು ವರ್ಷ ಕಳೆಯುವ ತನಕ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹದಿನೆಂಟರ ಹುಡುಗ ಎಷ್ಟೇ ಸಮರ್ಥನಾಗಿರಲಿ, ಆ ಮೂರು ವರ್ಷವನ್ನು ಆತ ಸಾಮಾನ್ಯವಾಗಿ ಕಳೆಯುವುದು ಕಾಲೇಜು ಮೈದಾನದಲ್ಲಿ. ಲ್ಯಾಟಿಮೋರ್ ಅವರ ಕಾಲದಲ್ಲಿ ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದದ್ದು ಬೋಧನಾ ಶುಲ್ಕ, ವಸತಿ, ಊಟ ಮತ್ತು ಪುಸ್ತಕದ ಖರ್ಚು ಭರಿಸುವ ವಿದ್ಯಾರ್ಥಿವೇತನ.

ಲ್ಯಾಟಿಮೋರ್ ಈ ರಾಜ್ಯದವರೇ. ಸ್ಪಾರ್ಟನ್‌ಬರ್ಗ್ ಸಮೀಪದ ಡಂಕನ್ ಎಂಬ ಸಣ್ಣ ಊರಿನ ಬರ್ನ್ಸ್ ಪ್ರೌಢಶಾಲೆಯಲ್ಲಿ ಆಡಿ ದೇಶದ ಅಗ್ರ ರನ್ನಿಂಗ್ ಬ್ಯಾಕ್‌ಗಳ ಸಾಲಿನಲ್ಲಿ ಹೆಸರು ಮಾಡಿದವರು. (ಆ ಭಾಗದಲ್ಲಿ ಈಗ ಕಾರು ಕಾರ್ಖಾನೆಯ ಕೆಲಸಕ್ಕೆಂದು ಬಂದ ಕನ್ನಡಿಗ ಕುಟುಂಬಗಳೂ ಇವೆ, ಅವರ ಮಕ್ಕಳೂ ಶುಕ್ರವಾರ ರಾತ್ರಿಯ ಶಾಲಾ ಪಂದ್ಯಗಳಿಗೆ ಹೋಗಿ ಕೂಗುತ್ತಾರೆ.) 2010ರ ಫೆಬ್ರುವರಿಯಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಆಹ್ವಾನವನ್ನು ಬದಿಗಿಟ್ಟು ಅವರು ತವರು ರಾಜ್ಯದ ತಂಡವನ್ನು ಆರಿಸಿಕೊಂಡರು. ಆ ಆಯ್ಕೆಯ ತೂಕ ಇಂದು ದೂರದಿಂದ ನೋಡುವವರಿಗೆ ತಿಳಿಯುವುದು ಕಷ್ಟ. ಸೌತ್ ಕ್ಯಾರೊಲೈನಾ 1992ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ (ಎಸ್‌ಇಸಿ) ಎಂಬ ವಿಶ್ವವಿದ್ಯಾಲಯಗಳ ಲೀಗಿನಲ್ಲಿ ಆಡತೊಡಗಿದ್ದರೂ ಅಲ್ಲಿಯವರೆಗೆ ತನ್ನ ವಿಭಾಗದಲ್ಲಿ ಒಮ್ಮೆಯೂ ಅಗ್ರಸ್ಥಾನ ಪಡೆದಿರಲಿಲ್ಲ. ರಾಜ್ಯದ ಉತ್ತಮ ಆಟಗಾರರು ಜಾರ್ಜಿಯಾಗೋ ಫ್ಲೋರಿಡಾಗೋ ಹೊರಟುಹೋಗುವುದು ರೂಢಿಯಾಗಿಬಿಟ್ಟಿತ್ತು. ಇದೇ ರಾಜ್ಯದ ಆಟಗಾರರಾದ ಸ್ಟೀಫನ್ ಗಿಲ್ಮೋರ್, ಆಲ್ಷಾನ್ ಜೆಫ್ರಿ ಅದಕ್ಕೂ ಒಂದು ವರ್ಷ ಮೊದಲೇ ಊರಿನ ತಂಡಕ್ಕೆ ಬಂದಿದ್ದರು ನಿಜ; ಲ್ಯಾಟಿಮೋರ್ ಬಂದ ಮರುವರ್ಷ ದೇಶದ ನಂಬರ್ ಒನ್ ಪ್ರೌಢಶಾಲಾ ಆಟಗಾರ ಎನಿಸಿದ್ದ ರಾಕ್ ಹಿಲ್‌ನ ಜೆಡೇವಿಯನ್ ಕ್ಲೌನಿಯೂ ಅಲ್ಲಿಗೇ ಬಂದರು. ಮೊಣಕಾಲಿನ ಮಾತೆತ್ತುವ ಮೊದಲು ಒಬ್ಬ ಆಟಗಾರನ ಪರಂಪರೆ ಎಂದು ಬರೆಯಬಹುದಾದ ಸಂಗತಿಗಳಲ್ಲಿ ಇದೂ ಒಂದು.

ಇನ್ನು ಆಟ. 2010ರ ಸೆಪ್ಟೆಂಬರ್ 11ರಂದು ಜಾರ್ಜಿಯಾ ವಿರುದ್ಧ, ಅದು ಅವರ ಕಾಲೇಜು ಬದುಕಿನ ಎರಡನೆಯ ಪಂದ್ಯ, 37 ಸಲ ಚೆಂಡು ಹೊತ್ತು 182 ಗಜ ಓಡಿ ಎರಡು ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಗಡಿಗೆರೆ ದಾಟಿದ್ದಕ್ಕೆ ತಲಾ ಆರು ಅಂಕ) ಗಳಿಸಿದರು. ಸೌತ್ ಕ್ಯಾರೊಲೈನಾ ಗೆದ್ದದ್ದು 17–6ರಿಂದ. ಅಂದರೆ ಆ ದಿನ ತಂಡದ ಅಂಕಗಳಲ್ಲಿ ಹನ್ನೆರಡು ಒಬ್ಬ ಹದಿನೆಂಟರ ಹುಡುಗನ ಕಾಲಿನಿಂದ ಬಂದವು. ಅಕ್ಟೋಬರಿನಲ್ಲಿ ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು 35–21ರಿಂದ ಸೋಲಿಸಿದ ಪಂದ್ಯದಲ್ಲೂ ಮೂರು ಟಚ್‌ಡೌನ್ ಅವರದ್ದೇ.

ನನ್ನ ಮಟ್ಟಿಗೆ ಲ್ಯಾಟಿಮೋರ್ ಎಂದರೆ ನವೆಂಬರ್ 13ರ ಫ್ಲೋರಿಡಾ ಪಂದ್ಯ. ಗೆದ್ದವರಿಗೆ ಎಸ್‌ಇಸಿಯ ಪೂರ್ವ ವಿಭಾಗದ ಪಟ್ಟ. ಪಂದ್ಯ ನಡೆದದ್ದು ಫ್ಲೋರಿಡಾ ತಂಡದ ತವರಾದ ಗೇನ್ಸ್‌ವಿಲ್‌ನಲ್ಲಿ. ಸೌತ್ ಕ್ಯಾರೊಲೈನಾದ ತರಬೇತುದಾರ ಸ್ಟೀವ್ ಸ್ಪರಿಯರ್ ಆಟಗಾರನಾಗಿ 1966ರ ಹೈಸ್‌ಮನ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವಂಥದ್ದು) ಪಡೆದದ್ದೂ, ಮುಂದೆ ತರಬೇತುದಾರನಾಗಿ 1996ರ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟದ್ದೂ ಅದೇ ಫ್ಲೋರಿಡಾಕ್ಕೆ. ಆಟ ಆರಂಭವಾದ ಮೊದಲ ಒದೆತದಲ್ಲೇ ಫ್ಲೋರಿಡಾದ ಆಂಡ್ರೆ ಡೆಬೋಸ್ ಚೆಂಡು ಹಿಡಿದು 99 ಗಜ ಓಡಿ ಅಂಕ ಗಳಿಸಿಬಿಟ್ಟರು. ಅನನುಭವಿ ತಂಡವೊಂದು ಪರಊರಿನ ಗದ್ದಲದಲ್ಲಿ ಕುಸಿದುಹೋಗಲು ಅಷ್ಟು ಸಾಕಿತ್ತು. ಆಮೇಲೆ ನಡೆದದ್ದು ಕಣ್ಣು ಕುಕ್ಕುವಂಥ ಆಟವೇನಲ್ಲ, ಒಂದೇ ಸಮನೆ ದೂಡಿದ ಆಟ: ಎಡಕ್ಕೆ ನಾಲ್ಕು ಗಜ, ನಡುವೆ ಮೂರು, ಮತ್ತೆ ಬಲಕ್ಕೆ ಆರು. ಲ್ಯಾಟಿಮೋರ್ ಅವರದ್ದು ಮಿಂಚಿನ ವೇಗವಲ್ಲ. ಸಾಲಿನ ಹಿಂದೆ ಅರೆಕ್ಷಣ ತಡೆದು, ಸಂದಿ ತೆರೆದುಕೊಂಡ ಮೇಲೆ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸಿ, ತಾಗಿದ ಮೊದಲ ಎದುರಾಳಿಯನ್ನು ಭುಜದಿಂದ ತಳ್ಳಿಕೊಂಡು ಬೀಳುವಾಗಲೂ ಮುಂದಕ್ಕೇ ಬೀಳುವುದು ಅವರ ರೀತಿ. ನಾಲ್ಕನೆಯ ಕ್ವಾರ್ಟರ್ ಹೊತ್ತಿಗೆ ಹಿಡಿಯಬೇಕಾದವರ ತೋಳುಗಳೇ ಸೋತಿದ್ದವು. ಅಂತಿಮ ಲೆಕ್ಕ: 40 ಸಲ ಚೆಂಡು, 212 ಗಜ, ಮೂರು ಟಚ್‌ಡೌನ್, 36–14ರ ಗೆಲುವು, ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಮೊದಲ ವಿಭಾಗೀಯ ಪಟ್ಟ. ಇದನ್ನು ಬರೆಯದೆ ಅವರ ಬಗ್ಗೆ ಲೇಖನ ಬರೆಯುವುದು ಹೇಗೆ ಸಾಧ್ಯವೋ ನನಗೆ ಅರ್ಥವಾಗುವುದಿಲ್ಲ.

ಆದರೆ ಅದೇ ನಲವತ್ತು ಎಂಬ ಸಂಖ್ಯೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕಾಗುತ್ತದೆ. ಮೊದಲ ವರ್ಷವೇ ಅವರಿಗೆ 249 ಸಲ ಚೆಂಡು ಕೊಡಲಾಯಿತು. 1,197 ಗಜ, ಓಟದಿಂದ 17 ಟಚ್‌ಡೌನ್ ಬಂದವು. ಮರುವರ್ಷ ನೇವಿ ತಂಡದ ವಿರುದ್ಧ ಮತ್ತೆ 37 ಸಲ, 246 ಗಜ. ಗೆಲ್ಲುತ್ತಿರುವ ಕುದುರೆಯನ್ನು ನಿಲ್ಲಿಸಲು ಯಾವ ತರಬೇತುದಾರನೂ ಒಪ್ಪುವುದಿಲ್ಲ, ಸ್ವತಃ ಆಟಗಾರನೂ ‘ನನಗೆ ಸಾಕು’ ಎನ್ನುವುದಿಲ್ಲ. ಈ ಹೊರೆಯಿಂದಲೇ ಅವರ ಮೊಣಕಾಲು ಹೋಯಿತು ಎಂದು ನಾನು ಹೇಳುತ್ತಿಲ್ಲ. ಎರಡೂ ಗಾಯಗಳು ಒಂದೊಂದು ಕ್ಷಣದ ಅಪಘಾತಗಳು. ಆದರೆ ಪ್ರತಿ ಓಟವೂ ಅಂಥ ಕ್ಷಣಕ್ಕೆ ಒಡ್ಡಿಕೊಂಡ ಒಂದು ಅವಕಾಶ ಎನ್ನುವುದು ಲೆಕ್ಕ ಬಲ್ಲ ಯಾರಿಗೂ ಹೊಳೆಯುವ ಮಾತು. ಅಂಥ ಅವಕಾಶಗಳನ್ನು ಬೇಕೆಂದಷ್ಟು ಬಳಸಿಕೊಂಡ ವ್ಯವಸ್ಥೆ ಅದಕ್ಕೆ ಸಂಬಳ ಕೊಡುತ್ತಿರಲಿಲ್ಲ. ಸುಮಾರು ಎಂಬತ್ತು ಸಾವಿರ ಜನ ಹಿಡಿಸುವ ವಿಲಿಯಮ್ಸ್–ಬ್ರೈಸ್ ಕ್ರೀಡಾಂಗಣದ ಟಿಕೆಟ್ ಹಣ, ಟಿವಿ ಹಕ್ಕಿನ ಹಣ, 21ನೇ ಸಂಖ್ಯೆಯ ಜೆರ್ಸಿ ಮಾರಾಟದ ಹಣ, ಇವೆಲ್ಲ ಹರಿದ ದಾರಿಯಲ್ಲಿ ಆ ಸಂಖ್ಯೆ ತೊಟ್ಟ ಹುಡುಗ ಎಲ್ಲೂ ಇರಲಿಲ್ಲ.

ಮೊದಲ ಗಾಯ 2011ರ ಅಕ್ಟೋಬರ್ 15ರಂದು ಮಿಸಿಸಿಪಿ ಸ್ಟೇಟ್ ಎದುರು, ಎಡ ಮೊಣಕಾಲಿಗೆ. ಏಳು ಪಂದ್ಯಗಳಲ್ಲಿ 818 ಗಜ ಓಡಿದ್ದವರ ವರ್ಷ ಅಲ್ಲಿಗೆ ಮುಗಿಯಿತು. ಹರಿದ ಲಿಗಮೆಂಟ್ (ಕೀಲಿನ ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಬದಲಿಗೆ ಬೇರೆ ಸ್ನಾಯುರಜ್ಜುವಿನ ತುಂಡನ್ನು ಕಸಿ ಮಾಡಿದರೆ ಅದು ಮೂಳೆಗೆ ಬೆಸೆದುಕೊಂಡು, ಜೀವ ತುಂಬಿಕೊಂಡು, ಓಟದ ಎಳೆತ ತಾಳುವಷ್ಟು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಒಂಬತ್ತು ತಿಂಗಳಿಗೆ ಮೊದಲು ಆಡಕೂಡದು ಎನ್ನುವ ವೈದ್ಯರೇ ಹೆಚ್ಚು. ಲ್ಯಾಟಿಮೋರ್ 2012ರ ಆಗಸ್ಟ್ 30ರಂದು, ಅಂದರೆ ಹತ್ತೂವರೆ ತಿಂಗಳಿಗೆ, ವ್ಯಾಂಡರ್‌ಬಿಲ್ಟ್ ವಿರುದ್ಧ ಮೈದಾನಕ್ಕಿಳಿದು 110 ಗಜ ಓಡಿ ಎರಡು ಟಚ್‌ಡೌನ್ ಗಳಿಸಿದರು. ತಂಡ ಗೆದ್ದದ್ದು ಕೇವಲ ನಾಲ್ಕು ಅಂಕಗಳಿಂದ. ಪಟ್ಟಿ ಬರೆಯುವವರು ಈ ಮರಳಿಬರುವಿಕೆಯನ್ನು ಬಹುತೇಕ ಮರೆತೇಬಿಡುತ್ತಾರೆ, ಏಕೆಂದರೆ ಎರಡು ತಿಂಗಳ ನಂತರ ಬಂದ ದಿನ ಅದನ್ನು ಮುಚ್ಚಿಹಾಕಿತು.

ಆ ದಿನ ಟೆನೆಸೀ ವಿರುದ್ಧ, ವಿಶ್ವವಿದ್ಯಾಲಯ ಇರುವ ಕೊಲಂಬಿಯಾ ನಗರದಲ್ಲೇ ಪಂದ್ಯ. ಲ್ಯಾಟಿಮೋರ್ ಅದಾಗಲೇ ಒಂದು ಟಚ್‌ಡೌನ್ ಗಳಿಸಿದ್ದರು. ಎರಡನೆಯ ಕ್ವಾರ್ಟರ್‌ನಲ್ಲಿ ಚೆಂಡು ಹಿಡಿದು ಓಡುವಾಗ ಎದುರಾಳಿಯೊಬ್ಬ ಕೆಳಗಿನಿಂದ ಬಂದು ಬಲಗಾಲಿಗೆ ಭುಜ ಕೊಟ್ಟ. ಅದು ನಿಯಮಬದ್ಧ ಟ್ಯಾಕಲ್. ಆ ಹುಡುಗನನ್ನು ದೂರುವಂತಿರಲಿಲ್ಲ. ಪಾದ ನೆಲದಲ್ಲಿ ಊರಿದ್ದಾಗ ಮೊಣಕಾಲಿಗೆ ಬಿದ್ದ ಪೆಟ್ಟು ಅದು. ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಟ್ಟುಕೊಳ್ಳುವ ಮುಖ್ಯ ಲಿಗಮೆಂಟುಗಳು ನಾಲ್ಕು: ಕೀಲಿನೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು, ಒಳಬದಿ ಹೊರಬದಿಗಳಲ್ಲಿ ಒಂದೊಂದು. ನಮ್ಮ ಕ್ರಿಕೆಟಿಗರಿಗೂ ಕಬಡ್ಡಿ ಆಟಗಾರರಿಗೂ ಆಗುವ, ಎಸಿಎಲ್ ಎಂದು ನಾವು ಓದುವ ಗಾಯದಲ್ಲಿ ಸಾಮಾನ್ಯವಾಗಿ ಹರಿಯುವುದು ಮುಂಭಾಗದ ಒಂದು. ಲ್ಯಾಟಿಮೋರ್ ಅವರ ಕೀಲೇ ತಪ್ಪಿಹೋಗಿ ಏಕಕಾಲಕ್ಕೆ ಹಲವು ಲಿಗಮೆಂಟುಗಳು ಹರಿದವು, ಜೊತೆಗೆ ನರಕ್ಕೂ ಪೆಟ್ಟಾಯಿತು. ಮೊಣಕಾಲಿನ ಹೊರಬದಿಯಿಂದ ಹಾದುಹೋಗುವ ನರವೇ ಪಾದವನ್ನು ಮೇಲಕ್ಕೆತ್ತಿಸುವುದು. ಕೀಲಿನ ಹಿಂದೆಯೇ ಕಾಲಿನ ದೊಡ್ಡ ರಕ್ತನಾಳ ಇದೆ. ಇಂಥ ಗಾಯದಲ್ಲಿ ಮುಂದೆ ಆಡುವ ಪ್ರಶ್ನೆಗೂ ಮೊದಲು ಕಾಲಿನ ಪ್ರಶ್ನೆಯೇ ಏಳುತ್ತದೆ. ಮೈದಾನದ ಬದಿಯಲ್ಲಿದ್ದ ಎರಡೂ ತಂಡಗಳ ಆಟಗಾರರು ಒಳಗೆ ಬಂದು ಅವರನ್ನು ಸುತ್ತುವರಿದು ನಿಂತರು. ಎದುರಾಳಿ ತಂಡ ಹೀಗೆ ಬಂದು ನಿಲ್ಲುವುದು ಈ ಆಟದಲ್ಲಿ ದಿನನಿತ್ಯದ ಮಾತಲ್ಲ. ಎರಡು ದಿನ ಕಳೆದು ಅವರಿಗೆ ಇಪ್ಪತ್ತೊಂದು ತುಂಬಿತು. ಆಗಿನ ರಾಜ್ಯಪಾಲೆ ನಿಕ್ಕಿ ಹೇಲಿ ಆ ದಿನವನ್ನು ಲ್ಯಾಟಿಮೋರ್ ದಿನ ಎಂದು ಸಾರಿದರು. (ಇಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತ ನಡೆಸುವವರು ಎಂಬುದನ್ನು ಓದುಗರು ಗಮನಿಸಬೇಕು.)

ಕಾಲೇಜಿನಲ್ಲಿ ಒಟ್ಟು 29 ಪಂದ್ಯ, 2,677 ಗಜ, ಓಟದಿಂದ 38 ಟಚ್‌ಡೌನ್. ಆ ಮೂವತ್ತೆಂಟು ವಿಶ್ವವಿದ್ಯಾಲಯದ ದಾಖಲೆಯಾಯಿತು. 1980ರ ಹೈಸ್‌ಮನ್ ವಿಜೇತ ಜಾರ್ಜ್ ರಾಜರ್ಸ್ ಆಡಿದ್ದು ಇದೇ ತಂಡಕ್ಕೆ ಎಂಬುದನ್ನು ನೆನೆದರೆ ಅದರ ಬೆಲೆ ತಿಳಿದೀತು. ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರು ಮೊದಲ ಸುತ್ತಿನಲ್ಲೇ ಆಯ್ಕೆಯಾಗಬಲ್ಲವರೆಂಬ ಮಾತು ಗಾಯಕ್ಕೆ ಮುಂಚೆ ಇತ್ತು. 2013ರ ಡ್ರಾಫ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಅವರನ್ನು ನಾಲ್ಕನೆಯ ಸುತ್ತಿನಲ್ಲಿ, 131ನೆಯವರಾಗಿ ತೆಗೆದುಕೊಂಡಿತು. ಒಂದು ಇಡೀ ವರ್ಷ ಚಿಕಿತ್ಸೆಯಲ್ಲೇ ಕಳೆಯಿತು. ಮರುವರ್ಷ ಅಭ್ಯಾಸಕ್ಕೆ ಇಳಿದರು, ಮೊಣಕಾಲು ಒಪ್ಪಲಿಲ್ಲ. 2014ರ ನವೆಂಬರಿನಲ್ಲಿ, ಒಂದೇ ಒಂದು ವೃತ್ತಿಪರ ಪಂದ್ಯ ಆಡದೆ, ಇಪ್ಪತ್ಮೂರನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಗಾಯಕ್ಕೆ ಮೊದಲೇ ಮಾಡಿಸಿದ್ದ ವಿಮೆಯ ಹಣ ಕೈಸೇರಲಿದೆ ಎಂದು ಆಗ ವರದಿಯಾಗಿತ್ತು. ಅಷ್ಟರ ಮಟ್ಟಿಗೆ ಅವರು ಬಹಳ ಮಂದಿಗಿಂತ ಅದೃಷ್ಟವಂತರು. ಅಂಥ ವಿಮೆ ಸಿಗುವುದು ಡ್ರಾಫ್ಟ್‌ನ ಮೊದಲ ಕೆಲವು ಸುತ್ತುಗಳಲ್ಲಿ ಹೆಸರು ಬರಬಹುದಾದ ಬೆರಳೆಣಿಕೆಯ ಆಟಗಾರರಿಗೆ ಮಾತ್ರ.

ಪತ್ರಿಕೆಗಳ ಬರವಣಿಗೆಯಲ್ಲಿ ನನಗೆ ಅತ್ಯಂತ ಅಸಮಾಧಾನ ತರುವ ಭಾಗ ಇಲ್ಲಿ ಬರುತ್ತದೆ. ಗಾಯದಿಂದ ಮರಳಿ ಬಂದವರನ್ನು ಛಲಗಾರರೆಂದೂ, ಮನೋಬಲದಿಂದ ಗೆದ್ದವರೆಂದೂ ಹೊಗಳುವುದು ನಮ್ಮ ರೂಢಿ. ಹಾಗಿದ್ದರೆ ಮರಳದವರಿಗೆ ಛಲ ಸಾಲಲಿಲ್ಲ ಎಂದು ಓದುಗ ಅರ್ಥಮಾಡಿಕೊಂಡರೆ ತಪ್ಪು ಯಾರದ್ದು? ಜಾರ್ಜಿಯಾದ ನಿಕ್ ಚಬ್ ಅವರನ್ನು ತೆಗೆದುಕೊಳ್ಳಿ. 2015ರ ಅಕ್ಟೋಬರಿನಲ್ಲಿ, ಅದೇ ಟೆನೆಸೀ ವಿರುದ್ಧ, ಪಂದ್ಯದ ಮೊದಲ ಓಟದಲ್ಲೇ ಅವರ ಎಡ ಮೊಣಕಾಲಿನ ಮೂರು ಲಿಗಮೆಂಟುಗಳು ಹರಿದವು. ಮರುವರ್ಷದ ಮೊದಲ ಪಂದ್ಯದಲ್ಲಿ ಅವರು 222 ಗಜ ಓಡಿದರು. ಕಾಲೇಜು ಮುಗಿಸುವಾಗ ಅವರ ಒಟ್ಟು 4,769 ಗಜ; ಎಸ್‌ಇಸಿ ಇತಿಹಾಸದಲ್ಲಿ ಹರ್ಷೆಲ್ ವಾಕರ್ ಒಬ್ಬರೇ ಅವರಿಗಿಂತ ಮುಂದೆ. ನೋಡಲು ಎರಡೂ ಗಾಯಗಳು ಒಂದೇ ತೆರನಾಗಿದ್ದವು. ಆದರೆ ಚಬ್ ಅವರ ಎಸಿಎಲ್ ಉಳಿದಿತ್ತು. ಲ್ಯಾಟಿಮೋರ್ ಅವರದ್ದು ಉಳಿದಿರಲಿಲ್ಲ, ಮೇಲಾಗಿ ಅವರ ಇನ್ನೊಂದು ಕಾಲು ಒಂದು ವರ್ಷದ ಹಿಂದಷ್ಟೇ ಹೊಲಿಗೆ ಕಂಡಿತ್ತು. ಚಬ್ ಶ್ರಮಪಟ್ಟಿಲ್ಲ ಎನ್ನುತ್ತಿಲ್ಲ, ಬಹಳವೇ ಪಟ್ಟರು. ಲ್ಯಾಟಿಮೋರ್ ಪಟ್ಟ ಶ್ರಮವೂ ಅದಕ್ಕೆ ಕಡಿಮೆಯದ್ದಾಗಿರಲಿಲ್ಲ. ವ್ಯತ್ಯಾಸ ಇದ್ದದ್ದು ಹರಿದ ಅಂಗಾಂಶದಲ್ಲಿ.

ಫಾರ್ಟಿನೈನರ್ಸ್ ತಂಡದಲ್ಲೇ ಇದಕ್ಕಿಂತ ವಿಚಿತ್ರವಾದ ಜೋಡಿ ಇತ್ತು. ಲ್ಯಾಟಿಮೋರ್ ಸೇರಿದಾಗ ಆ ತಂಡದ ಪ್ರಧಾನ ರನ್ನಿಂಗ್ ಬ್ಯಾಕ್ ಆಗಿದ್ದವರು ಫ್ರಾಂಕ್ ಗೋರ್. ಮಯಾಮಿ ವಿಶ್ವವಿದ್ಯಾಲಯದಲ್ಲಿದ್ದಾಗ ಗೋರ್ ಅವರ ಎರಡೂ ಮೊಣಕಾಲುಗಳ ಎಸಿಎಲ್ ಬೇರೆ ಬೇರೆ ವರ್ಷ ಹರಿದಿತ್ತು. 2005ರಲ್ಲಿ ಮೂರನೆಯ ಸುತ್ತಿನ ತನಕ ಅವರನ್ನು ಯಾರೂ ಕೇಳಿರಲಿಲ್ಲ. ಅವರೇ ಮುಂದೆ ಎನ್‌ಎಫ್‌ಎಲ್‌ನಲ್ಲಿ 16,000 ಗಜ ಓಡಿ ಸಾರ್ವಕಾಲಿಕ ಪಟ್ಟಿಯ ಮೂರನೆಯ ಸ್ಥಾನಕ್ಕೆ ಬಂದರು. ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ, ಎರಡೆರಡು ಮೊಣಕಾಲು ಕಳೆದುಕೊಂಡು ಬಂದ ಇಬ್ಬರು. ಇಂದು ಗೋರ್ ಅವರ ಕಾಲೇಜು ಗಾಯಗಳನ್ನು ನೆನೆಯುವವರು ಕಡಿಮೆ, ನೆನೆದರೂ ಅದು ಅವರ ಗಟ್ಟಿತನದ ವರ್ಣನೆಗೆ ಒದಗುವ ಒಂದು ಸಾಲು. ಲ್ಯಾಟಿಮೋರ್ ಅವರಿಗೆ ಅದೇ ಸಾಲು ಇಡೀ ಬದುಕಿನ ಶೀರ್ಷಿಕೆಯಾಯಿತು. ಕಾಲೇಜಿನಲ್ಲಿ ಏನು ಮಾಡಿದರು ಎಂಬುದನ್ನು ಆಮೇಲೆ ಏನಾಯಿತು ಎಂಬುದರಿಂದ ಅಳೆಯುವ ಈ ಲೆಕ್ಕ ಎಲ್ಲಿಂದ ಬಂತು? 2010ರ ಫ್ಲೋರಿಡಾ ಪಂದ್ಯದ 212 ಗಜ 2014ರ ನಿವೃತ್ತಿಯಿಂದ ಕಡಿಮೆಯಾಗುತ್ತದೆಯೇ?

ಇಲ್ಲಿ ಅಭಿಮಾನಿಗಳ ಅತಿರೇಕಕ್ಕೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಲ್ಯಾಟಿಮೋರ್ ಗಾಯಗೊಂಡದ್ದರಿಂದಲೇ ಸೌತ್ ಕ್ಯಾರೊಲೈನಾದ ಸುವರ್ಣಕಾಲ ಕೈತಪ್ಪಿತು ಎಂದು ಈ ಊರಿನಲ್ಲಿ ವಾದಿಸುವವರಿದ್ದಾರೆ. ದಾಖಲೆಗಳು ಹಾಗೆ ಹೇಳುವುದಿಲ್ಲ. ಅವರು ಪೂರ್ತಿ ಆಡಿದ 2010ರಲ್ಲಿ ತಂಡ ಒಂಬತ್ತು ಪಂದ್ಯ ಗೆದ್ದು ಐದರಲ್ಲಿ ಸೋತಿತು, ಎಸ್‌ಇಸಿ ಫೈನಲ್‌ನಲ್ಲಿ ಆಬರ್ನ್ ಎದುರು 56–17ರಿಂದ ಮಣ್ಣುಮುಕ್ಕಿತು. ಅವರು ಅರ್ಧ ಆಡಿದ 2011, 2012ರಲ್ಲೂ, ಇಲ್ಲವೇ ಇಲ್ಲದ 2013ರಲ್ಲೂ ಪ್ರತಿ ವರ್ಷ ಹನ್ನೊಂದು ಗೆಲುವು ಬಂದವು. ಆ ತಂಡದಲ್ಲಿ ಕ್ಲೌನಿ ಇದ್ದರು, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದರು. ಒಬ್ಬನಿಂದಲೇ ಎಲ್ಲ ಎನ್ನುವುದು ಅಭಿಮಾನದ ಮಾತು. ಆದರೂ ಹನ್ನೊಂದು ಗೆಲುವಿನ ವರ್ಷಗಳು ಸಾಧ್ಯ ಎಂಬ ನಂಬಿಕೆ ಆ ಕ್ಯಾಂಪಸ್ಸಿಗೆ ಬಂದದ್ದು 2010ರಲ್ಲಿ ಎಂಬುದು ನನ್ನ ಅಭಿಪ್ರಾಯ.

ಗಾಯಗಳಿಂದ ನಿಜವಾಗಿ ಬದಲಾದದ್ದು ಬೇರೆಯವರ ಆಲೋಚನೆ. ಲ್ಯಾಟಿಮೋರ್ ಬಿದ್ದ ಕೆಲವೇ ತಿಂಗಳಲ್ಲಿ, ಡ್ರಾಫ್ಟ್‌ನಲ್ಲಿ ಮೊದಲಿಗನಾಗುವುದು ಬಹುಮಟ್ಟಿಗೆ ಖಚಿತವಿದ್ದ ಕ್ಲೌನಿ 2013ರ ಕಾಲೇಜು ಋತುವನ್ನು ಆಡದೇ ಕೂರುವುದು ಒಳಿತು ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಅದಕ್ಕೆ ಮೊದಲು ಅಂಥ ಮಾತನ್ನು ಆಡಿದ್ದರೆ ದ್ರೋಹವೆನ್ನುತ್ತಿದ್ದರು. ಕ್ಲೌನಿ ಆಡಿದರು, 2014ರಲ್ಲಿ ಮೊದಲಿಗರಾಗಿಯೇ ಆಯ್ಕೆಯಾದರು. 2016ರ ಜನವರಿ 1ರಂದು ನೋಟರ್ ಡೇಮ್‌ನ ಜೇಲನ್ ಸ್ಮಿತ್ ತಮ್ಮ ಕೊನೆಯ ಪಂದ್ಯದಲ್ಲಿ ಮೊಣಕಾಲನ್ನೂ ನರವನ್ನೂ ಗಾಯಮಾಡಿಕೊಂಡು ಎರಡನೆಯ ಸುತ್ತಿಗೆ ಜಾರಿದರು. ಅದೇ ವರ್ಷದ ಕೊನೆಯಲ್ಲಿ ಲಿಯೊನಾರ್ಡ್ ಫೋರ್ನೆಟ್ ಮತ್ತು ಕ್ರಿಶ್ಚಿಯನ್ ಮೆಕ್ಯಾಫ್ರಿ ಎಂಬ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ಋತುವಿನ ಕೊನೆಯ ಬೌಲ್ ಪಂದ್ಯ ಆಡುವುದಿಲ್ಲವೆಂದು ಹೇಳಿಯೇಬಿಟ್ಟರು. ಆಗ ಟೀಕೆಯ ಸುರಿಮಳೆಯಾಯಿತು. ಈಗ ಅದು ಸುದ್ದಿಯೂ ಅಲ್ಲ. ಸ್ವಂತ ಮೊಣಕಾಲಿನ ಬೆಲೆಯನ್ನು ಆಟಗಾರರೇ ಲೆಕ್ಕಹಾಕಲು ಕಲಿತರು, ಕಲಿಸಿದವರಲ್ಲಿ ಲ್ಯಾಟಿಮೋರ್ ಮೊದಲ ಸಾಲಿನವರು.

ಕಾನೂನು ಬಂದದ್ದು ಬಹಳ ತಡವಾಗಿ. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುತ್ತಿದ್ದ ರೇ ಡೆನಿಸನ್ ಮೈದಾನದಲ್ಲಾದ ತಲೆಯ ಪೆಟ್ಟಿನಿಂದ ತೀರಿಕೊಂಡಾಗ ಅವರ ಪತ್ನಿ ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದ್ದರು. ಆತ ಕಾಲೇಜಿನ ನೌಕರನಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಲ್ಲಿಂದ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 2021ರ ಜೂನ್‌ನಲ್ಲಿ, ಶೈಕ್ಷಣಿಕ ಸವಲತ್ತುಗಳ ಮೇಲೆ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ಹಾಕಿದ್ದ ಮಿತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೆಗೆದುಹಾಕಿದರು. ಮರುತಿಂಗಳೇ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಲು ಅವಕಾಶವಾಯಿತು. 2024ರ ಆಗಸ್ಟ್‌ನಿಂದ, ಆಟದಲ್ಲಾದ ಗಾಯದ ಚಿಕಿತ್ಸಾ ವೆಚ್ಚವನ್ನು ಕಾಲೇಜು ಬಿಟ್ಟ ಎರಡು ವರ್ಷದ ತನಕವಾದರೂ ಮೊದಲ ದರ್ಜೆಯ ಸಂಸ್ಥೆಗಳು ಭರಿಸಬೇಕು ಎಂಬ ನಿಯಮ ಬಂತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಕ್ರೀಡಾಪಟುಗಳಿಗೆ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ತನಕ ನೇರವಾಗಿ ಹಂಚಬಹುದು. ಇಂದಿನ ಲ್ಯಾಟಿಮೋರ್ ಒಬ್ಬರು ಎರಡನೆಯ ವರ್ಷದಲ್ಲಿ ಬಿದ್ದರೂ ಬರಿಗೈಯಲ್ಲಿ ಬೀಳುವುದಿಲ್ಲ. ಎರಡು ವರ್ಷ ಎಂಬುದು ಮೊಣಕಾಲಿನ ಆಯುಸ್ಸಿಗೆ ಬಹಳ ಕಡಿಮೆ ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ಲಿಗಮೆಂಟ್ ಹರಿದ ಕೀಲಿನಲ್ಲಿ ಸವೆತ ಕಾಣಿಸಿಕೊಳ್ಳುವುದು ಎಷ್ಟೋ ಸಲ ಹತ್ತು, ಹದಿನೈದು ವರ್ಷದ ಮೇಲೆ.

ಆಟ ಬಿಟ್ಟ ಮೇಲಿನ ಲ್ಯಾಟಿಮೋರ್ ಬಗ್ಗೆಯೂ ಪಟ್ಟಿಗಳು ಮೌನ. ಅವರು ಮರಳಿ ವಿಶ್ವವಿದ್ಯಾಲಯಕ್ಕೆ ಬಂದರು. 2016ರಲ್ಲಿ ತಂಡದ ಸಿಬ್ಬಂದಿಗೆ ಸೇರಿಸಿಕೊಳ್ಳಲು ಹೊಸ ತರಬೇತುದಾರರು ಬಯಸಿದಾಗ ಎನ್‌ಸಿಎಎ ನಿಯಮ ಅಡ್ಡ ಬಂತು: ಲ್ಯಾಟಿಮೋರ್ ಹೆಸರಿನ ಪ್ರತಿಷ್ಠಾನ ಪ್ರೌಢಶಾಲಾ ಮಕ್ಕಳಿಗೆ ಶಿಬಿರ ನಡೆಸುತ್ತಿತ್ತು, ಅದು ಆಟಗಾರರನ್ನು ಸೆಳೆಯುವ ದಾರಿಯಾದೀತು ಎಂಬ ಕಾರಣ. ಮೂರು ವರ್ಷ ಕೂಲಿಯಿಲ್ಲದೆ ಓಡಿಸಿದ ವ್ಯವಸ್ಥೆಗೆ ಮಕ್ಕಳ ಶಿಬಿರದಲ್ಲಿ ಅಪಾಯ ಕಂಡಿತು. ಅವರು ಕೊಲಂಬಿಯಾದ ಹೀತ್‌ವುಡ್ ಹಾಲ್ ಶಾಲೆಯ ಮಕ್ಕಳಿಗೆ ಮುಖ್ಯ ತರಬೇತುದಾರರಾದರು. 2018ರಲ್ಲಿ ಕೊನೆಗೂ ವಿಶ್ವವಿದ್ಯಾಲಯದಲ್ಲಿ ಆಟಗಾರರ ಬೆಳವಣಿಗೆಯ ಹೊಣೆ ಹೊತ್ತು, ಎರಡು ವರ್ಷದ ಬಳಿಕ ಅದನ್ನೂ ಬಿಟ್ಟು ದೇಶದ ಇನ್ನೊಂದು ಅಂಚಿನ ಪೋರ್ಟ್‌ಲ್ಯಾಂಡ್ ನಗರಕ್ಕೆ ಹೋದರು. ಅಲ್ಲಿ ಲೂಯಿಸ್ ಅಂಡ್ ಕ್ಲಾರ್ಕ್ ಎಂಬ ಸಣ್ಣ ಕಾಲೇಜಿನ ತಂಡಕ್ಕೆ ಸಹಾಯಕ ತರಬೇತುದಾರರಾಗಿ ದುಡಿದರು, ಕವಿತೆ ಬರೆದು ವೇದಿಕೆಯ ಮೇಲೆ ಓದತೊಡಗಿದರು. ಎಂಬತ್ತು ಸಾವಿರ ಜನ ತನ್ನ ಹೆಸರು ಕೂಗುವ ಊರಿನಿಂದ ತನ್ನನ್ನು ಯಾರೂ ಗುರುತಿಸದ ಊರಿಗೆ ಹೋಗಬೇಕೆನ್ನಿಸಿದ್ದು ಏಕೆ ಎಂದು ಊಹಿಸುವುದು ಕಷ್ಟವಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಮೊದಲು ಮೊಣಕಾಲನ್ನೇ ವಿಚಾರಿಸಿದರೆ ಯಾರಿಗಾದರೂ ಸಾಕಾಗುತ್ತದೆ.

ಈ ಕಾರಣಕ್ಕೆ ತಮ್ಮಲ್ಲಿ ಒಂದು ವಿನಂತಿ. ಲ್ಯಾಟಿಮೋರ್ ಕುರಿತು, ಅಥವಾ ಅವರಂತೆ ಕಾಲೇಜು ಆಟದಲ್ಲೇ ನಿಂತವರ ಕುರಿತು ತಮ್ಮ ಕ್ರೀಡಾ ಪುಟ ಮುಂದೆ ಬರೆಯುವುದಾದರೆ ಕೀಲು ತಪ್ಪಿದ ಕ್ಷಣದ ಚಿತ್ರವನ್ನು ದಯಮಾಡಿ ಕೈಬಿಡಿ. ಆ ಚಿತ್ರದಿಂದ ಓದುಗನಿಗೆ ಮೈನವಿರೇಳುವುದರ ಹೊರತು ಬೇರೇನೂ ತಿಳಿಯುವುದಿಲ್ಲ. ಅವರು ಎಷ್ಟು ಪಂದ್ಯ ಆಡಿದರು, ಯಾರನ್ನು ಸೋಲಿಸಿದರು, ಪ್ರತಿ ಪಂದ್ಯದಲ್ಲಿ ಅವರ ಮೇಲೆ ಎಷ್ಟು ಹೊರೆ ಬಿತ್ತು, ಬಿದ್ದಾಗ ವೈದ್ಯರ ಖರ್ಚು ಯಾರು ಕೊಟ್ಟರು ಎಂಬ ನಾಲ್ಕು ಸಂಗತಿಗಳು ಮೊದಲು ಬರಲಿ. ಗಾಯದ ಹೆಸರನ್ನು ಬರೆಯುವಾಗ ಯಾವ ಲಿಗಮೆಂಟ್, ನರಕ್ಕೆ ಪೆಟ್ಟಾಗಿತ್ತೇ ಇಲ್ಲವೇ ಎಂಬುದನ್ನೂ ಬರೆಯಿರಿ. ‘ಛಲದಿಂದ ಮರಳಿದರು’ ಎಂಬ ಸಾಲನ್ನು ಅದಾದ ಮೇಲೂ ಬರೆಯಬೇಕೆನ್ನಿಸಿದರೆ ಬರೆಯಬಹುದು.

ಇಂತಿ,
ಸೌತ್ ಕ್ಯಾರೊಲೈನಾದ ಒಬ್ಬ ಕನ್ನಡ ಓದುಗ